ಕಾರ್ಯಕರ್ತೆ ಮೊದಲು ಏನು ಮಾಡಬೇಕು?

ನಮ್ಮೂರಿನಲ್ಲಿ ಬೆನ್ನು ಹಿಡಿದುಕೊಳ್ಳುವ ಹಾಗೆ ಬಾಗಿಲೂ ಹಿಡಿದುಕೊಳ್ಳುತ್ತದೆ. ಮನೆಯಲ್ಲಿ ಯಾರಾದರೊಬ್ಬರು ಹೇಳಲಾರದ ದುಃಖವನ್ನು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡುತ್ತಿದ್ದರೆ ಒಂದು ದಿನ ಬೆಳಿಗ್ಗೆ ಬಾಗಿಲು ತೆರೆಯುವುದಿಲ್ಲ. ಬಿಜಾಗರಿಗೆ ಎಣ್ಣೆ ಬಿಡಿ, ಅಂಚಿಗೆ ಕೀಸುಳಿ ಹಾಕಿ, ನಾಲ್ಕು ಜನ ಸೇರಿ ಹೆಗಲು ಕೊಡಿ, ಜಪ್ಪಯ್ಯ ಎಂದರೂ ಅಲ್ಲಾಡುವುದಿಲ್ಲ. ಹಿತ್ತಿಲ ಬಾಗಿಲಿದ್ದರೆ ಅದೂ ಅಷ್ಟೇ, ಮುಂಬಾಗಿಲಿನ ಜೊತೆ ಮಾತಾಡಿಕೊಂಡ ಹಾಗೆ ಹಿಡಿಯುತ್ತದೆ. ಆದ್ದರಿಂದ ನಮ್ಮ ಕಿಟಕಿಗಳಿಗೆ ಸರಳಿಲ್ಲ. ಕಳ್ಳರಿಗೂ ಸ್ವಲ್ಪ ಶ್ರಮ ಇರಲಿ ಎಂದು ಕಿಟಕಿಯನ್ನು ಆಳೆತ್ತರಕ್ಕಿಂತ ಮೇಲೆ ಇಟ್ಟಿರುತ್ತೇವೆ. ಕಿಟಕಿ ಮೇಲಿದ್ದ ಮೇಲೆ ಮನೆಗೊಂದು ಏಣಿ ಬೇಕು. ಆ ಏಣಿ ಮಾಡುವವನು ನಾನು, ಮೋನಪ್ಪ.

ಅಂಗಡಿ ಅಪ್ಪನ ಕಾಲದ್ದು. ಮನೆಯ ಎದುರಿಗೇ ತಗಡಿನ ಚಪ್ಪರ, ನಾಲ್ಕು ಕಂಬ. ಸೀರೆ ಉಟ್ಟವರಿಗೆ ಅಗಲ ಮೆಟ್ಟಿಲಿನ ಏಣಿ, ಮುದುಕರಿಗೆ ಕೈಹಿಡಿ ಇರುವುದು, ಬಾಣಂತಿಯರಿಗೆ ಹೆಚ್ಚು ಓರೆಯಾಗಿ ನಿಲ್ಲುವುದು. ಮದುವೆಯಲ್ಲಿ ಹೆಣ್ಣಿನ ಕಡೆಯವರು ಏಣಿಗೆ ಅರಿಶಿನ ಕುಂಕುಮ ಹಚ್ಚಿ ಕೊಡುತ್ತಾರೆ, ಬಾಗಿಲು ಹಿಡಿಯದಿರಲಿ ಎಂದು ಹರಸುತ್ತಾರೆ, ಹಿಡಿದರೆ ಇರಲಿ ಎಂದು ಏಣಿ ಕೊಡುತ್ತಾರೆ. ಗ್ಯಾಸ್ ಸಿಲಿಂಡರನ್ನು ಹಗ್ಗ ಕಟ್ಟಿ ಎಳೆದುಕೊಳ್ಳುತ್ತೇವೆ. ಅಂಚೆಯವನು ಕಾಗದವನ್ನು ಕಿಟಕಿಯೊಳಕ್ಕೆ ಎಸೆಯುವುದರಲ್ಲಿ ನಿಸ್ಸೀಮ. ಎಲ್ಲಕ್ಕೂ ಒಗ್ಗಿಕೊಂಡಿದ್ದೇವೆ.

ಇನ್ನೊಂದಕ್ಕೂ ಒಗ್ಗಿಕೊಂಡಿದ್ದೇವೆ. ಹಿಡಿದ ಬಾಗಿಲ ಮುಂದೆ ಯಾರೂ ಏನನ್ನೂ ಕೇಳಬಾರದು. ಇದು ನಮ್ಮೂರ ಮರ್ಯಾದೆ. ಫ್ಲಾಸ್ಕಿನಲ್ಲಿ ಕಾಫಿ ತೆಗೆದುಕೊಂಡು ಹೋಗಬೇಕು, ಏಣಿ ಹತ್ತಬೇಕು, ಕೂತು ಬಿಸಿಲಿನ ಮಾತು ಆಡಬೇಕು, ತೊಗರಿಬೇಳೆಯ ಮಾತು ಆಡಬೇಕು, ಇಳಿದು ಬರಬೇಕು. ಯಾಕೆ ಹಿಡಿಯಿತು, ಯಾರಿಂದ ಹಿಡಿಯಿತು ಎಂದು ಬಾಯಿ ತೆರೆದರೆ ಕೇಳಿದವರ ಮನೆ ಬಾಗಿಲು ಹಿಡಿಯುತ್ತದೆ ಎಂದು ನಂಬಿಕೆ. ಕೆಲವು ಬಾಗಿಲು ವಾರದಲ್ಲಿ ತಾವಾಗಿ ಬಿಡುತ್ತವೆ. ಕೆಲವು ವರ್ಷಗಟ್ಟಲೆ ಹಾಗೇ ಇರುತ್ತವೆ. ಆ ಮನೆಯ ಒಬ್ಬರು ಹೋದ ದಿನ ಸಲೀಸಾಗಿ ತೆರೆದುಕೊಂಡ ಬಾಗಿಲುಗಳೂ ಇವೆ. ನಮ್ಮಪ್ಪ ಹೋದ ದಿನ ನಮ್ಮ ಬಾಗಿಲು ಹಾಗೆ ತೆರೆದುಕೊಂಡಿತ್ತು. ಹೇಗೆ ಹೋದ ಎಂದು ಊರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ನನ್ನ ಹೆಂಡತಿ ಅಂಬುಜಾಕ್ಷಿ ಆರೋಗ್ಯ ಕೇಂದ್ರದಲ್ಲಿ ಸಮಾಜ ಕಾರ್ಯಕರ್ತೆ. ಬಾಗಿಲು ಹಿಡಿದ ಮನೆಗಳಿಗೆ ಹೋಗಿ ಕೂತು, ಸಾಧ್ಯವಾದರೆ ಬಿಡಿಸುವುದು ಅವಳ ಕೆಲಸ. ಅವಳು ಬಾಗಿಲು ಬಿಡಿಸಿದರೆ ಉಣ್ಣುವವಳು, ನಾನು ಬಾಗಿಲು ಹಿಡಿದರೆ ಉಣ್ಣುವವನು. "ನಿನ್ನ ಕೈಗುಣ ಹೆಚ್ಚಾದಷ್ಟೂ ನನ್ನ ಅಂಗಡಿಗೆ ಬೀಗ ಬೀಳುತ್ತೆ ಕಣೇ" ಎಂದು ನಾನು ರೇಗಿಸಿದರೆ, "ನಿಮ್ಮ ಅಂಗಡೀಗೆ ಬಾಗಿಲೇ ಇಲ್ಲ, ಬೀಗ ಎಲ್ಲಿಗೆ ಹಾಕ್ತೀರಿ?" ಎನ್ನುತ್ತಿದ್ದಳು. ನಮಗೆ ಮಕ್ಕಳಾಗಲಿಲ್ಲ. ಆ ದುಃಖವನ್ನು ಇಬ್ಬರೂ ಬಾಯ್ತುಂಬ ಹೇಳಿಕೊಂಡು, ಅತ್ತು, ಜಗಳವಾಡಿ ಮುಗಿಸಿದ್ದೆವು. ಹಾಗಾಗಿ ಅದರಿಂದ ನಮ್ಮ ಬಾಗಿಲಿಗೆ ಏನೂ ಆಗಿರಲಿಲ್ಲ.

ತೊಂದರೆ ಬಂದದ್ದು ಸರ್ಕಾರದಿಂದ. ಇನ್ನು ಮೇಲೆ ಕ್ಲಿನಿಕಲ್ ಸೋಷಿಯಲ್ ವರ್ಕ್ ಲೈಸೆನ್ಸ್ ಇಲ್ಲದವರು ಜನರ ಮನೆಗೆ ಹೋಗಿ ಕೂರುವ ಹಾಗಿಲ್ಲ, ಮೂರು ಸಲದೊಳಗೆ ಪರೀಕ್ಷೆ ಪಾಸು ಮಾಡದವರನ್ನು ಔಷಧಿ ದಾಸ್ತಾನಿನ ಕೋಣೆಗೆ ಹಾಕುತ್ತೇವೆ ಎಂದು ಆದೇಶ ಬಂತು. ಅಂಬುಜ ದೂರಶಿಕ್ಷಣದಲ್ಲಿ ಎಮ್ಮೆಸ್ಡಬ್ಲ್ಯು ಮಾಡಿದವಳು, ಓದಿಗೆ ಹೆದರುವವಳಲ್ಲ. ಆದರೂ ಎರಡು ಸಲ ಫೇಲಾದಳು. ಎರಡು ಸಲವೂ ಅಂಚಿನಲ್ಲೇ. ಈಗ ಉಳಿದದ್ದು ಮೂರನೆಯದು. ಇದೂ ಹೋದರೆ ಉಳಿದ ಕಾಲವನ್ನೆಲ್ಲ ಕೆಮ್ಮಿನ ಸಿರಪ್ಪಿನ ಪೆಟ್ಟಿಗೆಗಳ ನಡುವೆ ಕಳೆಯಬೇಕು. ಅದನ್ನು ನೆನೆಸಿಕೊಂಡರೇ ಅವಳ ಮುಖ ಇಳಿದುಹೋಗುತ್ತಿತ್ತು. ಜನರ ಹತ್ತಿರ ಕೂರುವುದು ಅವಳಿಗೆ ಅಷ್ಟು ಇಷ್ಟ.

ಅವಳ ಮೇಲಿನವರು ಶಾಹೀನ್ ಮೇಡಂ. ಹೊರಗಿನಿಂದ ಬಂದವರು, ಲೈಸೆನ್ಸ್ ಇರುವವರು, ಒಳ್ಳೆಯವರು. ಅವರೇ ತಮ್ಮ ಹಳೆಯ ಪ್ರಶ್ನೆಗಳ ಪುಸ್ತಕ ಕೊಟ್ಟರು. ದಪ್ಪ ಪುಸ್ತಕ, ಒಳಗೆಲ್ಲ ಬೇರೆ ಬೇರೆ ಜನರ ಬೇರೆ ಬೇರೆ ಗೋಳು, ಆದರೆ ಕೊನೆಗೆ ಪ್ರಶ್ನೆ ಮಾತ್ರ ಒಂದೇ: ಕಾರ್ಯಕರ್ತೆ ಮೊದಲು ಏನು ಮಾಡಬೇಕು? ಕೆಳಗೆ ಅ, ಆ, ಇ, ಈ ಎಂದು ನಾಲ್ಕು ಉತ್ತರ. ನಾಲ್ಕೂ ಸರಿ ಎನ್ನಿಸುವ ಹಾಗೇ ಇರುತ್ತವೆ. ಮೊದಲು ಯಾವುದು ಎನ್ನುವುದಷ್ಟೇ ಪರೀಕ್ಷೆ.

ಊಟವಾದ ಮೇಲೆ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅವಳು ಚಪ್ಪರದ ಕೆಳಗೆ ಬಂದು ಕೂರುತ್ತಿದ್ದಳು. ನಾನು ಪುಸ್ತಕವನ್ನು ಬೆಂಚಿನ ಮೇಲೆ ಮರದ ತುಂಡು ಒತ್ತಿಟ್ಟುಕೊಂಡು ಪ್ರಶ್ನೆ ಓದುತ್ತಿದ್ದೆ.

"ಗಂಡ ತೀರಿಕೊಂಡ ಒಬ್ಬ ಹೆಂಗಸು. ಆರು ತಿಂಗಳಾಯಿತು. ಈಗ ಇದ್ದಕ್ಕಿದ್ದ ಹಾಗೆ ನೆಮ್ಮದಿಯಾಗಿದ್ದೀನಿ ಅಂತಾಳೆ. ತನ್ನ ಸೀರೆ, ಪಾತ್ರೆ ಎಲ್ಲಾ ಅಕ್ಕಪಕ್ಕದವರಿಗೆ ಹಂಚ್ತಾ ಇದ್ದಾಳೆ. ಕಾರ್ಯಕರ್ತೆ ಮೊದಲು ಏನು ಮಾಡಬೇಕು?" ಎಂದೆ ಒಂದು ದಿನ.

ಅವಳು ಉತ್ತರಗಳನ್ನು ಓದಿಸಿಕೊಂಡು ಕಣ್ಣು ಮುಚ್ಚಿ ಯೋಚಿಸಿದಳು. "ಇ. ಅವಳ ಜೊತೆ ಕೂತು, ವಿಶ್ವಾಸ ಬೆಳೆಯೋಕೆ ಸಮಯ ಕೊಡಬೇಕು."

"ತಪ್ಪು. ಆ. ಸಾಯುವ ಯೋಚನೆ ಇದೆಯಾ ಅಂತ ನೇರವಾಗಿ ಕೇಳಬೇಕು."

"ಅದು ಹೇಗ್ರೀ ಕೇಳೋದು? ಅವಳಿಗೆ ಏನನ್ನಿಸುತ್ತೆ?"

"ನನ್ನನ್ನ ಯಾಕೆ ಕೇಳ್ತೀಯಾ? ಪುಸ್ತಕದಲ್ಲಿ ಹಾಗಿದೆ. ಕೇಳಿದ್ರೆ ಆ ಯೋಚನೆ ಹೊಸದಾಗಿ ಹುಟ್ಟಲ್ಲ, ಒಳಗಿದ್ದದ್ದು ಹೊರಗೆ ಬರುತ್ತೆ, ಅಷ್ಟೇ ಅಂತ ಕೆಳಗೆ ಬರೆದಿದ್ದಾರೆ."

ಇದು ದಿನಾ ನಡೆಯುವ ಕಥೆ. ಕಾಯಿಲೆಗಳ ಹೆಸರು ಕೇಳಿ, ಕಾನೂನು ಕೇಳಿ, ಯಾರು ಯಾವ ಸಿದ್ಧಾಂತ ಹೇಳಿದರು ಕೇಳಿ, ಅವಳು ಪಟಪಟನೆ ಹೇಳುತ್ತಿದ್ದಳು. 'ಮೊದಲು' ಎಂಬ ಪ್ರಶ್ನೆ ಬಂದರೆ ಮಾತ್ರ ಅವಳ ಬೆರಳು ಕಾಫಿ ಕೊಟ್ಟು ಕಾಯುವ ಉತ್ತರದ ಮೇಲೇ ಹೋಗಿ ಕೂರುತ್ತಿತ್ತು. ಶಾಹೀನ್ ಮೇಡಂ ಒಮ್ಮೆ ಅವಳ ಉತ್ತರಗಳನ್ನೆಲ್ಲ ನೋಡಿ, "ಅಂಬುಜಾಕ್ಷಿ, ನೀವು ಪ್ರಶ್ನೆಗೆ ಉತ್ತರ ಬರೀತಾ ಇಲ್ಲ. ನಿಮ್ಮೂರಿನ ಮರ್ಯಾದೆಗೆ ಬರೀತಾ ಇದ್ದೀರ. ನೀವು ಕಾಯೋದರಲ್ಲಿ ಗಟ್ಟಿ. ಆದ್ರೆ ಕಾಯೋಕೆ ಟೈಮ್ ಇಲ್ಲದವರೂ ಇರ್ತಾರೆ" ಎಂದರಂತೆ. ಅಂಬುಜ ಅದನ್ನು ನನಗೆ ಹೇಳಿ, "ಅವರು ಹೇಳೋದು ಸರಿ ಇದೆ ಕಣ್ರೀ. ಬುದ್ಧಿಗೆ ಗೊತ್ತಾಗುತ್ತೆ. ಬಾಯಿಗೆ ಬರಲ್ಲ" ಎಂದಳು. ನಾನು, "ನೀನು ಬರೀ ಗೀಟು ಹಾಕಬೇಕು, ಬಾಯಿ ಯಾಕೆ ಬೇಕು?" ಎಂದು ನಕ್ಕೆ. ಅವಳು ನಗಲಿಲ್ಲ. ಮನಸ್ಸಿಲ್ಲದ ಕಡೆ ಗೀಟು ಹಾಕುವ ಜಾತಿಯಲ್ಲ ಅವಳು.

ಈಗ ನನ್ನ ವಿಷಯ. ನಿಮಗೆ ಹೇಳುತ್ತೇನೆ, ಆಗ ಅವಳಿಗೆ ಹೇಳಿರಲಿಲ್ಲ. ಆ ಬೇಸಿಗೆಯಲ್ಲಿ ನನ್ನ ಬಲಗೈ ನಡುಗಲು ಶುರುವಾಗಿತ್ತು. ಮೊದಲು ಹೆಬ್ಬೆರಳು, ಆಮೇಲೆ ಅದರ ಪಕ್ಕದ್ದು. ಉಳಿ ಹಿಡಿದು ಕೊಡತಿ ಎತ್ತಿದರೆ ಗುರುತು ಹಾಕಿದ ಕಡೆ ಪೆಟ್ಟು ಬೀಳುತ್ತಿರಲಿಲ್ಲ. ಒಂದು ಮೆಟ್ಟಿಲು ಕೂರಿಸಲು ಮೂರು ಮೆಟ್ಟಿಲಿನ ಮರ ಹಾಳು ಮಾಡುತ್ತಿದ್ದೆ, ಹಾಳಾದದ್ದನ್ನು ಒಲೆಗೆ ಹಾಕುತ್ತಿದ್ದೆ. ನಮ್ಮಪ್ಪನಿಗೂ ಹೀಗೇ ಶುರುವಾದದ್ದು. ಕೊನೆಕೊನೆಗೆ ಅವನು ತಟ್ಟೆಯಿಂದ ಎತ್ತಿದ ತುತ್ತು ಬಾಯಿಗೆ ಹೋಗುವಷ್ಟರಲ್ಲಿ ಅರ್ಧ ಎದೆಯ ಮೇಲಿರುತ್ತಿತ್ತು. ಅವನು ತಲೆ ಎತ್ತಿ ನಮ್ಮನ್ನು ನೋಡುತ್ತಿರಲಿಲ್ಲ, ನಾವು ಬಿಸಿಲಿನ ಮಾತು ಆಡುತ್ತಿದ್ದೆವು. ನನ್ನ ಕೈ ನೋಡಿಕೊಂಡಾಗಲೆಲ್ಲ ಆ ತಟ್ಟೆ ಕಣ್ಣಿಗೆ ಬರುತ್ತಿತ್ತು. ಅಲ್ಲಿಯವರೆಗೆ ಇರಬಾರದು, ಅದಕ್ಕೆ ಮೊದಲೇ ಹೋಗಿಬಿಡಬೇಕು ಎಂದು ನನಗೆ ಅನ್ನಿಸತೊಡಗಿತು. ಒಮ್ಮೆ ಅನ್ನಿಸಿದ್ದು ಮತ್ತೆ ಮತ್ತೆ ಬರುತ್ತದೆ, ರುಚಿ ಹತ್ತಿದ ಬೆಕ್ಕಿನ ಹಾಗೆ. ಕೈಯನ್ನು ಲುಂಗಿಯ ಮಡಿಕೆಯಲ್ಲಿಟ್ಟುಕೊಂಡು ಹೆಂಡತಿಗೆ ಪ್ರಶ್ನೆ ಓದುತ್ತಾ, ತಮಾಷೆ ಮಾಡುತ್ತಾ ಇದ್ದೆ.

ಪರೀಕ್ಷೆಗೆ ಇನ್ನೇನು ಸ್ವಲ್ಪ ದಿನ ಇದೆ ಎನ್ನುವಾಗ ಒಂದು ಬೆಳಿಗ್ಗೆ ಅಂಬುಜ ಹಾಲು ತರಲೆಂದು ಅಗುಳಿ ಸರಿಸಿ ಬಾಗಿಲು ಎಳೆದಳು. ಬರಲಿಲ್ಲ. ಎರಡು ಕೈಯಲ್ಲಿ ಎಳೆದಳು. ಅಗುಳಿಯನ್ನು ಇನ್ನೊಮ್ಮೆ ನೋಡಿದಳು. ನಾನು ಹಾಸಿಗೆಯಿಂದ ನೋಡಿದೆ. ನನ್ನಿಂದಲೇ ಹಿಡಿದದ್ದು ಎಂದು ನನಗೆ ಆ ಕ್ಷಣವೇ ಗೊತ್ತಾಯಿತು.

ಅವಳು ತಿರುಗಿ, "ರೀ, ಇದು ನನ್ನಿಂದ್ಲೇ ಆಗಿದ್ದು. ಪರೀಕ್ಷೆ ಅಂತ ಒಳಗೊಳಗೇ ಏನೋ ಇಟ್ಕೊಂಡಿದ್ದೀನಿ ಅನ್ಸುತ್ತೆ. ಏನು ಅಂತ ನಂಗೇ ಗೊತ್ತಾಗ್ತಿಲ್ಲ" ಎಂದಳು.

"ಇಲ್ಲ ಅಂಬುಜಾ, ನನ್ನಿಂದ" ಎನ್ನಬೇಕೆಂದು ಬಾಯಿ ತೆರೆದೆ. "ಹೋಗ್ಲಿ ಬಿಡು, ಏಣಿ ಅಂಗಡಿಯವನ ಮನೇಲಿ ಏಣಿಗೇನು ಬರ" ಎಂದು ಬಂತು. ನನ್ನ ಬಾಯಿ ಹುಟ್ಟಿದ್ದೇ ಹಾಗೆ. ಅಳು ಬಂದರೂ ತಮಾಷೆಯ ಬಾಗಿಲಿನಿಂದಲೇ ಬರಬೇಕು.

ಬೀದಿಗೆ ಸುದ್ದಿ ಹರಡಲು ಹೊತ್ತು ಬೇಕಾಗಲಿಲ್ಲ. ಕಿಟಕಿಗೆ ಏಣಿ ಹಾಕಿದರೆ ಅದೇ ಡಂಗುರ. ಪಕ್ಕದ ಮನೆಯ ತುಂಗಕ್ಕ ಫ್ಲಾಸ್ಕು ಹಿಡಿದು ಹತ್ತಿ ಬಂದಳು, ಬಿಸಿಲಿನ ಬಗ್ಗೆ ಮಾತಾಡಿದಳು, ತೊಗರಿಬೇಳೆಯ ಬಗ್ಗೆ ಮಾತಾಡಿದಳು, ಅಂಬುಜಳ ಕಡೆ ಅಯ್ಯೋ ಪಾಪ ಎಂದು ನೋಡಿ ಇಳಿದು ಹೋದಳು. ನನ್ನ ಕಡೆ ಯಾರೂ ನೋಡಲಿಲ್ಲ. ನಗುನಗುತ್ತಾ ಇರುವವನ ಮೇಲೆ ಯಾರಿಗೆ ಅನುಮಾನ ಬರುತ್ತದೆ? ಎರಡು ಸಲ ಫೇಲಾದವಳು ಎದುರಿಗೇ ಇರುವಾಗ ಊರಿಗೆ ಬೇರೆ ಕಾರಣ ಬೇಕಿರಲಿಲ್ಲ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ಮಜ್ಜಿಗೆಯಲ್ಲಿ ಬಿತ್ತು ಎಂದು ಯಾರೋ ನಲ್ಲಿಯ ಹತ್ತಿರ ಅಂದದ್ದು ಅವಳ ಕಿವಿಗೂ ಬಿತ್ತು.

ಅವಳು ಹೋಗಿ ಕೂರುತ್ತಿದ್ದ ಮನೆಯವರು ಒಬ್ಬೊಬ್ಬರಾಗಿ, "ನಾವು ಈ ವಾರ ಊರಲ್ಲಿರಲ್ಲ ಅಮ್ಮ" ಎನ್ನತೊಡಗಿದರು. ಏಣಿಯನ್ನು ಮಾತ್ರ ಗೋಡೆಗೇ ಒರಗಿಸಿಟ್ಟು ಒಳಗೇ ಇರುತ್ತಿದ್ದರು. ಅಂಬುಜ ಪುಸ್ತಕ ಹಿಡಿದು ಕೂತರೆ ಒಂದೇ ಪುಟ ನೋಡುತ್ತಾ ಇರುತ್ತಿದ್ದಳು. ಮೊದಲು ಸರಿಯಾಗಿ ಹೇಳುತ್ತಿದ್ದ ಪ್ರಶ್ನೆಗಳೂ ತಪ್ಪತೊಡಗಿದವು. ಊಟಕ್ಕೆ ಕೂತಾಗ, "ನನ್ನೊಳಗೆ ಏನಿದೆ ಅಂತ ಹುಡುಕಿ ಹುಡುಕಿ ಸಾಕಾಯ್ತು. ಅಮ್ಮ ಸತ್ತಿದ್ದು ನೆನೆಸ್ಕೊಂಡೆ, ಮಕ್ಕಳಾಗದೇ ಇದ್ದಿದ್ದು ನೆನೆಸ್ಕೊಂಡೆ, ಎಲ್ಲಾ ಹೇಳ್ಕೊಂಡು ಮುಗಿಸಿರೋದೇ. ಬಾಗಿಲು ಬಿಡ್ತಿಲ್ಲ. ನಂಗೆ ನಾನೇ ಅರ್ಥ ಆಗ್ದೆ ಇರೋವಾಗ ಇನ್ನೊಬ್ಬರ ಮನೆಗೆ ಯಾವ ಮುಖ ಇಟ್ಕೊಂಡು ಹೋಗ್ಲಿ?" ಎಂದಳು. ನಾನು ಎಡಗೈಯಲ್ಲಿ ನೀರು ಕುಡಿದೆ. ಅವಳು ಹುಡುಕುತ್ತಿದ್ದದ್ದು ನನ್ನೊಳಗಿತ್ತು. ಆದರೂ ಹೇಳಲಾಗಲಿಲ್ಲ. ಹೇಳಿದರೆ ಅವಳು ಓದು ಬಿಟ್ಟು ನನ್ನ ಕೈ ಹಿಡಿದು ಕೂರುತ್ತಾಳೆ, ಪರೀಕ್ಷೆ ಮುಗಿಯಲಿ, ಆಮೇಲೆ ಹೇಳೋಣ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಪೂರ್ತಿ ನಿಜವಲ್ಲ ಎಂದೂ ಗೊತ್ತಿತ್ತು.

ಹಾಲ್ ಟಿಕೆಟ್ ಬಂತು. ಅಂಚೆಯವನು ಕಿಟಕಿಯೊಳಕ್ಕೆ ಗುರಿಯಿಟ್ಟು ಎಸೆದ. ಅದು ನೇರ ಅವಳ ಮಡಿಲಿಗೇ ಬಿತ್ತು. ಅವಳು ಅದನ್ನು ಬಿಚ್ಚದೆ ಪುಸ್ತಕದೊಳಗಿಟ್ಟಳು.

ಆ ಮಧ್ಯಾಹ್ನ ಊಟವಾದ ಮೇಲೆ ಚಪ್ಪರಕ್ಕೆ ಬರಲಿಲ್ಲ. ಒಳಗೇ, ಹಿಡಿದ ಬಾಗಿಲಿಗೆ ಬೆನ್ನು ಕೊಟ್ಟು ಕೂತಳು. "ನಾನು ಪರೀಕ್ಷೆಗೆ ಹೋಗಲ್ಲ ಕಣ್ರೀ. ತೀರ್ಮಾನ ಮಾಡ್ಬಿಟ್ಟೆ. ಔಷಧಿ ಕೋಣೆಯಾದ್ರೇನು, ಅದೂ ಕೆಲಸವೇ. ಸಂಜೆ ಪುಸ್ತಕ ಮೇಡಂಗೆ ವಾಪಸ್ ಕೊಟ್ಟು ಬರ್ತೀನಿ" ಎಂದಳು. ಆಮೇಲೆ ಪುಸ್ತಕವನ್ನು ನನ್ನ ಕಡೆ ಚಾಚಿ, "ಕೊಡೋಕೆ ಮುಂಚೆ ಒಂದು ನಾಲ್ಕು ಪ್ರಶ್ನೆ ಓದ್ರಿ. ಅಭ್ಯಾಸ ಆಗ್ಬಿಟ್ಟಿದೆ" ಎಂದಳು.

ಪುಸ್ತಕ ತೆಗೆದುಕೊಂಡು ಎದುರಿಗೆ ಕೂತೆ. ಮೊದಲಿನ ಎರಡು ಪ್ರಶ್ನೆ ಪುಸ್ತಕದವೇ ಓದಿದೆ. ಏನೋ ಉತ್ತರ ಕೊಟ್ಟಳು. ಮೂರನೆಯದಕ್ಕೆ ಪುಟ ತಿರುಗಿಸಿದಾಗ ಕೈ ನಡುಗಿ ಹಾಳೆ ಪಟಪಟ ಎಂದಿತು. ಅವಳು ಕಣ್ಣು ಮುಚ್ಚಿಕೊಂಡಿದ್ದಳು, ಪ್ರಶ್ನೆ ಕೇಳುವಾಗ ಅವಳು ಹಾಗೇ. ಆ ಮುಚ್ಚಿದ ಕಣ್ಣು ನೋಡಿ ನನಗೆ ಎಲ್ಲಿಂದಲೋ ಧೈರ್ಯ ಬಂತು. ಪುಸ್ತಕದ ಮೇಲೆ ಕಣ್ಣಿಟ್ಟು, ಅಲ್ಲಿಲ್ಲದ ಪ್ರಶ್ನೆಯನ್ನು ಓದತೊಡಗಿದೆ.

"ಐವತ್ತು ದಾಟಿದ ಒಬ್ಬ ಗಂಡಸು. ಮರದ ಕೆಲಸದವನು. ಬಲಗೈ ನಡುಗೋಕೆ ಶುರುವಾಗಿದೆ. ಅವನಪ್ಪನಿಗೂ ಹೀಗೇ ಆಗಿ, ಅವರು... ಅವರು ಹೋದ್ರು. ಇವನು ಯಾರಿಗೂ ಹೇಳಿಲ್ಲ. ಎಲ್ಲರ ಹತ್ತಿರ ತಮಾಷೆ ಮಾಡ್ಕೊಂಡಿದ್ದಾನೆ. ಮನೇಲಿ ಅವನ ಹೆಂಡತಿ ಎಲ್ಲಾ ತಪ್ಪೂ ತನ್ನದೇ ಅನ್ಕೊಂಡು ತನ್ನ ಕೆಲಸ ಬಿಡೋಕೆ ಹೊರಟಿದ್ದಾಳೆ. ಕಾರ್ಯಕರ್ತೆ ಮೊದಲು ಏನು ಮಾಡಬೇಕು?"

ಅವಳು ಕಣ್ಣು ತೆರೆಯಲಿಲ್ಲ. ಪುಸ್ತಕವನ್ನು ಎರಡು ವರ್ಷ ಉರು ಹೊಡೆದವಳು, ಅದರಲ್ಲಿ ಯಾವ ಪುಟದಲ್ಲಿ ಯಾರ ಗೋಳಿದೆ ಎಂದು ಅವಳಿಗೆ ಗೊತ್ತಿಲ್ಲವೇ? ಬಹಳ ಮೆಲ್ಲಗೆ, "ಉತ್ತರ ಓದಿ" ಎಂದಳು.

"ಅ. ಕಾಫಿ ಮಾಡಿಕೊಟ್ಟು ಬಿಸಿಲಿನ ಮಾತು ಆಡಬೇಕು. ಆ. ಒಳ್ಳೇ ಡಾಕ್ಟರ ಹತ್ತಿರ ಕಳಿಸಬೇಕು. ಇ. ಅವನಾಗಿ ಹೇಳೋವರೆಗೂ ಕಾಯಬೇಕು."

"ಈ?"

"ಈ..." ಎಂದೆ. ಪುಸ್ತಕವನ್ನು ಕಣ್ಣಿನ ಹತ್ತಿರ ತಂದೆ. "ಈ ಇಲ್ಲಿ ಸರಿಯಾಗಿ ಅಚ್ಚಾಗಿಲ್ಲ."

ಹೊರಗೆ ತುಂಗಕ್ಕನ ಮನೆಯಲ್ಲಿ ಒಗ್ಗರಣೆ ಚಟಪಟ ಎನ್ನುತ್ತಿತ್ತು. ಅಂಬುಜ ಕಣ್ಣು ತೆರೆದಳು. ನನ್ನ ಮುಖ ನೋಡಲಿಲ್ಲ, ಮೊದಲು ನನ್ನ ಕೈ ನೋಡಿದಳು. ನಾನು ಅದನ್ನು ಲುಂಗಿಯೊಳಕ್ಕೆ ಎಳೆದುಕೊಳ್ಳಹೋದೆ. ಅವಳು ಮುಂದೆ ಬಂದು ಅದನ್ನು ಹಿಡಿದಳು. ಅವಳ ಕೈಯೊಳಗೂ ಅದು ನಡುಗುತ್ತಲೇ ಇತ್ತು.

"ನನ್ನ ಉತ್ತರ ಈ" ಎಂದಳು. "ನೇರವಾಗಿ ಕೇಳಬೇಕು."

ಆಮೇಲೆ ಕೇಳಿದಳು. "ರೀ, ನಿಮಗೆ ಸಾಯಬೇಕು ಅಂತ ಅನ್ನಿಸಿದೆಯಾ?"

ನಮ್ಮೂರಿನಲ್ಲಿ ಯಾರೂ ಯಾರನ್ನೂ ಕೇಳದ ಪ್ರಶ್ನೆ ಅದು. ನಮ್ಮಪ್ಪನನ್ನು ಯಾರೂ ಕೇಳಲಿಲ್ಲ, ನಾನು ಕೇಳಲಿಲ್ಲ. ನನ್ನ ಬಾಯಲ್ಲಿ ಒಂದು ತಮಾಷೆ ತಯಾರಾಗಿ ನಿಂತಿತ್ತು. ಅವಳು ಕಣ್ಣು ಕದಲಿಸದೆ ನೋಡುತ್ತಿದ್ದಳು. ತಮಾಷೆ ನುಂಗಿಕೊಂಡು, "ಹೂಂ, ಅನ್ನಿಸಿದೆ" ಎಂದೆ.

ಅವಳು ಬೆಚ್ಚಲಿಲ್ಲ. ಅಯ್ಯೋ ಎನ್ನಲಿಲ್ಲ, ಹಾಗೆಲ್ಲ ಅನ್ನಬಾರದು ಎಂದೂ ಹೇಳಲಿಲ್ಲ. ಎಷ್ಟು ದಿನದಿಂದ ಎಂದು ಕೇಳಿದಳು. ಹೇಗೆ ಎಂದು ಯೋಚನೆ ಮಾಡಿದ್ದೀರಾ ಎಂದು ಕೇಳಿದಳು. ಈಗ, ಈ ಹೊತ್ತಿನಲ್ಲಿ ಆ ಯೋಚನೆ ಇದೆಯಾ ಎಂದು ಕೇಳಿದಳು. ಒಂದೊಂದಕ್ಕೂ ಉತ್ತರ ಕೊಟ್ಟೆ. ಹೇಳುತ್ತಾ ಹೇಳುತ್ತಾ ಅಪ್ಪನ ತಟ್ಟೆಯ ವಿಷಯಕ್ಕೆ ಬಂದೆ, ಅವನು ತಲೆ ತಗ್ಗಿಸಿ ಕೂರುತ್ತಿದ್ದದ್ದನ್ನು ಹೇಳಿದೆ, ಅವನು ಹೋದ ರೀತಿಯನ್ನು ಹೇಳಿದೆ. ಮದುವೆಯಾಗಿ ಇಷ್ಟು ವರ್ಷವಾದರೂ ಅವಳಿಗೆ ಅದು ಗೊತ್ತಿರಲಿಲ್ಲ. ಮೈಮೇಲಿನ ಮೂಟೆಯನ್ನು ಯಾರೋ ಒಂದು ಕೈ ಹಿಡಿದು ಇಳಿಸಿದ ಹಾಗಾಯಿತು ನನಗೆ.

ಎಲ್ಲ ಮುಗಿದ ಮೇಲೆ ಅಂಬುಜ ದೀರ್ಘವಾಗಿ ಉಸಿರು ಬಿಟ್ಟಳು. "ಕೇಳಿ. ಇವತ್ತಿಂದ ನೀವು ಒಬ್ಬರೇ ಇರಬಾರದು. ಸಂಜೆ ಶಾಹೀನ್ ಮೇಡಂನ ಕರ್ಕೊಂಡು ಬರೋಕೆ ತುಂಗಕ್ಕನ್ನ ಕಳಿಸ್ತೀನಿ. ಅವರ ಜೊತೆ ನೀವು ಮಾತಾಡ್ಬೇಕು. ಕೈಗೆ ನರದ ಡಾಕ್ಟರು ಬೇಕು, ಅದನ್ನೂ ಅವರೇ ಹೇಳ್ತಾರೆ. ನಿಮ್ಮ ಕೇಸು ನಾನು ತಗೊಳ್ಳೋ ಹಾಗಿಲ್ಲ. ಸ್ವಂತದವರನ್ನ ನೋಡಬಾರದು ಅಂತ ರೂಲು."

"ಮತ್ತೆ ನೀನು ಏನ್ಮಾಡ್ತೀಯಾ?" ಎಂದೆ.

"ನಾನು ಹೆಂಡತಿ. ಇಷ್ಟು ಹೊತ್ತು ತಡ್ಕೊಂಡಿದ್ದೆ. ಇನ್ನು ಅಳ್ತೀನಿ" ಎಂದಳು. ನನ್ನ ಅಂಗೈಯಲ್ಲಿ ಮುಖವಿಟ್ಟು ಅತ್ತಳು. ನಾನೂ ಅತ್ತೆ, ಗಟ್ಟಿಯಾಗಿಯೇ ಅತ್ತೆ. ಒಗ್ಗರಣೆಯ ಸದ್ದು ನಿಂತಿತ್ತು, ತುಂಗಕ್ಕ ಕೇಳಿಸಿಕೊಂಡಿರಬೇಕು. ಕೇಳಿಸಿಕೊಳ್ಳಲಿ ಎನ್ನಿಸಿತು.

ಬಾಗಿಲ ವಿಷಯ ಇಬ್ಬರಿಗೂ ಮರೆತೇಹೋಗಿತ್ತು. ಸಂಜೆ ಬಂದ ಶಾಹೀನ್ ಮೇಡಂ ಹೊರಗಿನವರಲ್ಲವೇ, ಏಣಿ ಹತ್ತುವುದೆಂದರೆ ಅವರಿಗೆ ಇಷ್ಟು ವರ್ಷವಾದರೂ ಕಾಲು ಸೋಲುತ್ತದೆ. ಎಲ್ಲಿಗೆ ಹೋದರೂ ಮೊದಲು ಬಾಗಿಲನ್ನೊಂದು ಸಲ ತಳ್ಳಿ ನೋಡುವುದು ಅವರ ಅಭ್ಯಾಸ. ತಳ್ಳಿದರು. ಒಂದು ಗೇಣು ಸರಿಯಿತು. ಅಷ್ಟೇ ಸರಿದು ನಿಂತಿತು. ಆ ಸಂದಿಯಲ್ಲಿ ಅವರ ಮೂಗು, ಕನ್ನಡಕ ಕಂಡವು. "ಒಳಗೆ ಬರಬಹುದಾ?" ಎಂದರು. ಆ ಸಂಜೆ ಅವರ ಜೊತೆ ಬಹಳ ಹೊತ್ತು ಮಾತಾಡಿದೆ. ಅಂಬುಜ ರೂಲಿನ ಪ್ರಕಾರ ತುಂಗಕ್ಕನ ಮನೆಯಲ್ಲಿದ್ದಳು.

ನರದ ಡಾಕ್ಟರು ನನ್ನ ಕೈಯನ್ನು ಆಡಿಸಿ, ನಡೆಸಿ, ಗೆರೆ ಎಳೆಸಿ ನೋಡಿದರು. ನಡುಕಗಳೆಲ್ಲ ಒಂದೇ ಅಲ್ಲ, ಅಪ್ಪನದೇ ನಿಮ್ಮದು ಎಂದು ಈಗಲೇ ಹೇಳಲು ಬರುವುದಿಲ್ಲ, ಯಾವುದಾದರೂ ಅದಕ್ಕೆ ಮಾತ್ರೆ ಇದೆ, ನಿಮ್ಮಪ್ಪನ ಕಾಲದಲ್ಲಿದ್ದದ್ದಕ್ಕಿಂತ ಒಳ್ಳೆಯದಿದೆ ಎಂದರು. ಮಾತ್ರೆ ನುಂಗುತ್ತಿದ್ದೇನೆ. ಕೈ ಸ್ವಲ್ಪ ತಗ್ಗಿದೆ, ನಿಂತಿಲ್ಲ. ಪುಸ್ತಕ ಮಾತ್ರ ವಾಪಸ್ ಹೋಗಲಿಲ್ಲ. ಅಂಬುಜ ಚಪ್ಪರಕ್ಕೆ ಬಂದು ಕೂತಳು, ನಾನು ನಡುಗುವ ಕೈಯಲ್ಲೇ ಪುಟ ತಿರುಗಿಸಿದೆ. ಈಗ ಅವಳು ಕಣ್ಣು ಬಿಟ್ಟುಕೊಂಡೇ ಉತ್ತರ ಹೇಳುತ್ತಿದ್ದಳು. ಎಲ್ಲವೂ ಸರಿಯಾಗಲಿಲ್ಲ. ನೇರವಾಗಿ ಕೇಳುವ ಹುಮ್ಮಸ್ಸಿನಲ್ಲಿ, ಪುಸ್ತಕದಲ್ಲಿ ಹಸಿದು ಬಂದ ಒಬ್ಬ ಮುದುಕನಿಗೆ ಊಟ ಕೊಡುವ ಮೊದಲೇ ಸಾವಿನ ಪ್ರಶ್ನೆ ಕೇಳಿ ನನ್ನಿಂದ ಬೈಸಿಕೊಂಡಳು. "ಅಲ್ಲೇ, ಅವನಿಗೆ ಮೊದಲು ಅನ್ನ ಹಾಕೇ" ಎಂದು ನಾನು ನಕ್ಕೆ. ಅವಳೂ ನಕ್ಕಳು.

ಪರೀಕ್ಷೆಯ ಬೆಳಿಗ್ಗೆ ಬಾಗಿಲು ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಒಂದು ಆಳು ಅಡ್ಡಡ್ಡ ತೂರುವಷ್ಟು ಜಾಗ ಬಂದಿತ್ತು. ಏಣಿ ಇತ್ತು, ಆದರೂ ಅಂಬುಜ ಬಾಗಿಲಿನಿಂದಲೇ ಹೋಗುತ್ತೇನೆಂದು ಹಟ ಹಿಡಿದು, ಸೆರಗು ಬಿಗಿ ಮಾಡಿ, ಉಸಿರು ಒಳಗೆಳೆದು ತೂರಿದಳು. ಒಂದು ಬಳೆ ಚೌಕಟ್ಟಿಗೆ ತಾಗಿ ಒಡೆಯಿತು. ತುಂಗಕ್ಕ ತನ್ನ ಕಿಟಕಿಯಿಂದ ನೋಡುತ್ತಿದ್ದವಳು ಏನೋ ಕೇಳುವವಳ ಹಾಗೆ ಬಾಯಿ ತೆರೆದು, "ಬಿಸಿಲು ಜೋರಿದೆ ನೋಡು" ಎಂದಳು.

ಪರೀಕ್ಷೆ ಕೇಂದ್ರ ಬಸ್ಸಿನಲ್ಲಿ ಹೋಗುವಷ್ಟು ದೂರ. ಕಂಪ್ಯೂಟರಿನಲ್ಲಿ ಗೀಟು ಹಾಕುವುದು, ಮುಗಿದ ಕೂಡಲೇ ಫಲಿತಾಂಶದ ಹಾಳೆ ಕೈಗೆ ಬರುತ್ತದೆ. ನಾನು ಗೇಟಿನ ಹೊರಗೆ ಕಾಯುತ್ತಾ ಕೂತೆ. ಮಧ್ಯಾಹ್ನ ದಾಟಿದ ಮೇಲೆ ಅವಳು ಬಂದಳು. ಕೈಯಲ್ಲಿ ಮಡಿಸಿದ ಹಾಳೆ. ಮುಖ ನೋಡಿದರೆ ಏನೂ ತಿಳಿಯಲಿಲ್ಲ. ಸುಸ್ತಾಗಿತ್ತು, ಅಷ್ಟೇ.

"ಬಾ, ಕಾಫಿ ಕುಡಿಯೋಣ" ಎಂದೆ.

ಎದುರಿಗಿದ್ದ ಹೋಟೆಲಿಗೆ ಹೋಗಿ ಕೂತೆವು. ಎರಡು ಮಸಾಲೆ ದೋಸೆ ಹೇಳಿದೆ. ಬಸ್ಸು ಇನ್ನೊಂದು ಗಂಟೆಗೆ ಇದೆ ಎಂದೆ. ಈ ಊರಲ್ಲಿ ಸೆಖೆ ಕಮ್ಮಿ ಎಂದೆ. ನಮ್ಮೂರಿನ ನಾಲ್ಕಾರು ಮುಖಗಳು ಪಕ್ಕದ ಮೇಜುಗಳಲ್ಲಿದ್ದವು, ಸಂತೆಗೆ ಬಂದವರು. ಅವರೂ ನಮ್ಮ ಕಡೆ ನೋಡಿ ಸೆಖೆಯ ಬಗ್ಗೆ ಹೌದು ಎಂದರು. ದೋಸೆ ಬಂತು. ಈ ಸಲ ಚಟ್ನಿ ನೀರಾಗಿದೆ ಎಂದೆ. ಅಂಬುಜ ದೋಸೆ ಮುಟ್ಟಿರಲಿಲ್ಲ. ಹಾಳೆಯನ್ನು ಲೋಟದ ಪಕ್ಕ ಇಟ್ಟುಕೊಂಡು ನನ್ನನ್ನೇ ನೋಡುತ್ತಾ ಕೂತಿದ್ದಳು. ತುಂಬ ದಿನದ ನಂತರ ತವರಿನಿಂದ ಯಾರಾದರೂ ಬರುತ್ತಾರೇನೋ ಎಂದು ಬೀದಿ ನೋಡುವವರ ಹಾಗೆ ಕಾಯುತ್ತಿದ್ದಳು. ನನಗೆ ಆಗ ಹೊಳೆಯಿತು. ನಾಚಿಕೆಯೂ ಆಯಿತು. ಸೆಖೆ, ಚಟ್ನಿ, ಬಸ್ಸು ಎಂದು ಇಷ್ಟು ಹೊತ್ತು ಅವಳಿಗೆ ಏನು ಮಾಡುತ್ತಿದ್ದೆ ನಾನು?

ಲೋಟ ಕೆಳಗಿಟ್ಟೆ. ಕೈ ನಡುಗಿ ಕಾಫಿ ಮೇಜಿನ ಮೇಲೆಲ್ಲ ಚೆಲ್ಲಿತು. ಒರೆಸಲಿಲ್ಲ.

"ಅಂಬುಜಾ, ಪಾಸಾಯ್ತಾ?" ಎಂದು ಕೇಳಿದೆ. ಗಟ್ಟಿಯಾಗಿಯೇ ಬಂತು.

ನಮ್ಮೂರಿನವರ ಮೇಜುಗಳಲ್ಲಿ ಮಾತು ನಿಂತಿತು. ಒಬ್ಬ ದೋಸೆಯ ತುಂಡನ್ನು ಬಾಯಿಯ ಹತ್ತಿರವೇ ಹಿಡಿದುಕೊಂಡ. ಅಂಬುಜಳ ಮುಖ ಅರಳಿತು. "ಆಯ್ತು ಕಣ್ರೀ" ಎಂದಳು. "ಆಯ್ತು! ಯಾವಾಗ ಕೇಳ್ತೀರಾ, ಯಾವಾಗ ಕೇಳ್ತೀರಾ ಅಂತ ಕಾಯ್ತಾ ಇದ್ದೆ."